ಮನೆಗೊಲ್ಲದ ಕಾರು, ಓಟಕ್ಕೆ ಒದಗಿದ ಕಾರು

ಕೊಳ್ಳೇಗಾಲದ ಮೇಲೆ ಹಾದುಹೋಗುವ ದೊಡ್ಡ ರಸ್ತೆಗೆ ಎರಡು ತುದಿ. ಮಳವಳ್ಳಿ, ಕನಕಪುರ ದಾಟಿದರೆ ಬೆಂಗಳೂರು. ಈ ಕಡೆ ಯಳಂದೂರು, ಸಂತೇಮರಹಳ್ಳಿ, ಚಾಮರಾಜನಗರ ಕಳೆದು ದಿಂಬಂ ಘಾಟಿ ಇಳಿದರೆ ಸತ್ಯಮಂಗಲ, ಅದರಾಚೆ ಕೊಯಮತ್ತೂರು. 209 ಅಂತಿದ್ದ ಹೆದ್ದಾರಿಯ ನಂಬರು ಈಗ 948 ಆಗಿದೆ, ರಸ್ತೆ ಅದೇ. 1980ರ ದಶಕದಲ್ಲಿ ಈ ರಸ್ತೆಯ ಒಂದು ತುದಿಯಲ್ಲಿ ಇಂಗ್ಲೆಂಡ್ ಮೂಲದ ಪುಟ್ಟ ಕಾರೊಂದು ತಯಾರಾಗುತ್ತಿತ್ತು. ಇನ್ನೊಂದು ತುದಿಯಲ್ಲಿ ಓಟದ ಗಾಡಿ ಕಟ್ಟುವ ಹುಚ್ಚು ಹಿಡಿಸಿಕೊಂಡವರಿದ್ದರು. ನಡುವೆ ನಾವು, ಎರಡು ಕಡೆಯ ಬಸ್ಸಿಗೂ ಕೈ ಅಡ್ಡ ಹಾಕಿಕೊಂಡು ನಿಂತವರು.

ಆ ಕಾರಿನ ಹೆಸರು ಡಾಲ್ಫಿನ್. ಅದು ಸಲೂನ್ ಕಾರು. ಸಲೂನ್ ಅಂದರೆ ನಮಗೆ ಕ್ಷೌರದಂಗಡಿ ನೆನಪಾಗುತ್ತದೆ, ಆದರೆ ಇಂಗ್ಲೆಂಡಿನಲ್ಲಿ ಮೇಲೆ ಗಟ್ಟಿ ಚಾವಣಿ ಇರುವ ಮನೆಮಂದಿಯ ಕಾರಿಗೂ ಅದೇ ಹೆಸರು. ಓಟಕ್ಕೆಂದು ಮಾಡಿದ ಗಾಡಿಯಲ್ಲ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಜಾತ್ರೆಗೆ ಹೋಗುವ ಗಾಡಿ. ಅಂಥದ್ದನ್ನು ಬಿಚ್ಚಿ, ಹಗುರ ಮಾಡಿ ಓಡಿಸುವ ಚಟ ಇಂಗ್ಲೆಂಡಿನಲ್ಲಿ ಹಳೆಯದು.

ಕಥೆ ಶುರುವಾಗುವುದು 1922ರಲ್ಲಿ, ಆಸ್ಟಿನ್ ಸೆವೆನ್ ಕಾರಿನಿಂದ. ನಮ್ಮ ಹಿರಿಯರು ಬೇಬಿ ಆಸ್ಟಿನ್ ಅನ್ನುತ್ತಿದ್ದುದು ಇದನ್ನೇ. 747 ಸಿಸಿ ಎಂಜಿನ್ನು, ಸೈಕಲ್ಲಿನ ಹಾಗೆ ತೆಳು ಚಕ್ರ. 1939ರವರೆಗೆ ಸುಮಾರು 2 ಲಕ್ಷ 90 ಸಾವಿರ ಕಾರು ತಯಾರಾದವು. ಅಗ್ಗ, ಸರಳ, ಹಳೆಯದಾದರೆ ಬಿಡಿಭಾಗಕ್ಕೆ ಬರವಿಲ್ಲ. ಹಾಗಾಗಿ ದುಡ್ಡಿಲ್ಲದ ಹುಡುಗರು ಅದರ ಬಾಡಿ ಕಿತ್ತೆಸೆದು ಓಟಕ್ಕೆ ಇಳಿದರು. ಅವರಿಗಾಗಿಯೇ 1939ರಲ್ಲಿ 750 ಮೋಟಾರ್ ಕ್ಲಬ್ ಅಂತ ಒಂದು ಸಂಘ ಹುಟ್ಟಿತು. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ಕಟ್ಟಿದ ಮೊದಲ ಕಾರು ಹಳೇ ಆಸ್ಟಿನ್ ಸೆವೆನ್ ಒಂದರ ಮೇಲೆಯೇ. ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಓಟ ಕಲಿತದ್ದೂ ಅದರಲ್ಲೇ.

ಆ ಕಾಲಕ್ಕೆ ನಮ್ಮ ಸೀಮೆಯ ಸ್ಥಿತಿ ವಿಚಿತ್ರವಾಗಿತ್ತು. ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಗ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇದ್ದ ಹನೂರೂ ಅಲ್ಲೇ. ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿದ್ದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು. ಒಂದು ಊರಿಂದ ಪಕ್ಕದೂರಿಗೆ ಹೋಗಬೇಕಾದರೆ ಸರ್ಕಾರವೇ ಬದಲಾಗುತ್ತಿತ್ತು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಇನ್ನು ಮಾರಿಸ್ ಅಂದರೆ ಬಿಳಿಗಿರಿ ಬೆಟ್ಟದ ಕಡೆಯವರಿಗೆ ಕಾರಿಗಿಂತ ಮೊದಲು ನೆನಪಾಗುತ್ತಿದ್ದವರು ಅತ್ತಿಕಾನೆ, ಹೊನ್ನಮೇಟಿಯ ಕಾಫಿ ತೋಟದ ಮಾರಿಸ್ ದೊರೆ. ಆ ದೊರೆಗೂ ಮಾರಿಸ್ ಕಾರಿಗೂ ಹೆಸರು ಬಿಟ್ಟರೆ ನಂಟಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಇಲ್ಲಿ ಇಂಗ್ಲಿಷ್ ಕಾರುಗಳು ಉಳಿದದ್ದಕ್ಕೆ ಪ್ರೀತಿಯೇನೂ ಕಾರಣವಲ್ಲ, ಸರ್ಕಾರದ ನೀತಿ ಕಾರಣ. ಬರೀ ಜೋಡಿಸಿ ಮಾರುವವರಿಗೆ ಜಾಗವಿಲ್ಲ, ಇಲ್ಲೇ ತಯಾರಿಸುವವರು ಮಾತ್ರ ಇರಲಿ ಅಂತ 1953ರಲ್ಲಿ ತೀರ್ಮಾನವಾಯಿತು. ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಕಲ್ಕತ್ತದ ಕಡೆ ಮಾರಿಸ್ ಆಕ್ಸ್‌ಫರ್ಡ್ ಕಾರೇ ಅಂಬಾಸಿಡರ್ ಆಯಿತು, ಬೊಂಬಾಯಿಯಲ್ಲಿ ಇಟಲಿಯ ಫಿಯೆಟ್ ಉಳಿಯಿತು, ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಈ ಸ್ಟ್ಯಾಂಡರ್ಡ್‌ನವರು 1961ರಿಂದ ತಯಾರಿಸಿದ ಹೆರಾಲ್ಡ್ ಕಾರು, ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ನ ತಮ್ಮ. 948 ಸಿಸಿ.

ಹೆರಾಲ್ಡ್ ಅಂದರೆ ಮೆಕ್ಯಾನಿಕ್‌ಗಳಿಗೆ ಯಾಕೆ ಇಷ್ಟ ಅನ್ನುವುದು ಬಾನೆಟ್ ಎತ್ತಿದರೆ ಗೊತ್ತಾಗುತ್ತದೆ. ಬಾನೆಟ್ ಮಾತ್ರವಲ್ಲ, ಮುಂದಿನ ಮಡ್‌ಗಾರ್ಡ್, ದೀಪ ಎಲ್ಲ ಸೇರಿ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು, ಬೆನ್ನು ಬಗ್ಗಿಸಬೇಕಿಲ್ಲ. ಚಾಸಿ ಬೇರೆ, ಬಾಡಿ ಬೇರೆ, ಬೋಲ್ಟು ಬಿಚ್ಚಿದರೆ ಕಳಚಿ ಬರುತ್ತದೆ. ಓಟದ ಗಾಡಿ ಕಟ್ಟುವವನಿಗೆ ಇದಕ್ಕಿಂತ ಬೇಕೇ? ತೊಂದರೆ ಇದ್ದದ್ದು ಹಿಂದಿನ ಆಕ್ಸಲ್‌ನಲ್ಲಿ. ಎರಡು ಹಿಂಚಕ್ರಗಳೂ ಬೇರೆ ಬೇರೆಯಾಗಿ ತೂಗಾಡುವ ಹಾಗೆ ಮಾಡಿದ್ದರು, ಮೇಲೆ ಅಡ್ಡಕ್ಕೆ ಒಂದೇ ಲೀಫ್ ಸ್ಪ್ರಿಂಗ್. ವೇಗವಾಗಿ ತಿರುವಿಗೆ ನುಗ್ಗಿದರೆ ಹೊರಗಿನ ಚಕ್ರ ಒಳಕ್ಕೆ ಮಡಚಿಕೊಂಡು ಹಿಂಭಾಗ ಎದ್ದುಬಿಡುತ್ತದೆ. ಅದಕ್ಕೆ ಮದ್ದು ಸ್ಪ್ರಿಂಗ್ ತಗ್ಗಿಸಿ, ಹಿಂಚಕ್ರದ ತಲೆ ಒಳಕ್ಕೆ ವಾಲುವಂತೆ ಕೂರಿಸುವುದು.

ಇಂಥ ಗಾಡಿಗಳ ಜಾತ್ರೆ ನಡೆಯುತ್ತಿದ್ದುದು ಮದರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ. ಎರಡನೇ ಮಹಾಯುದ್ಧಕ್ಕೆಂದು ಹಾಕಿದ್ದ ವಿಮಾನ ಪಟ್ಟಿ ಅದು. ಯುದ್ಧ ಮುಗಿದ ಮೇಲೆ ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲೇ ಓಟ ಏರ್ಪಡಿಸತೊಡಗಿದರು. ಬೆಂಗಳೂರಲ್ಲೂ ಯಲಹಂಕದ ವಿಮಾನ ಪಟ್ಟಿಯಲ್ಲಿ ಓಟ ನಡೆದದ್ದುಂಟು. ಆದರೆ ದಕ್ಷಿಣದವರಿಗೆಲ್ಲ ವರ್ಷಕ್ಕೊಮ್ಮೆಯ ತೇರು ಅಂದರೆ ಶೋಲಾವರಂ. ಮಹಾರಾಜರ ಪರದೇಶಿ ಕಾರುಗಳು ಒಂದು ಕಡೆ, ಫಿಯೆಟ್, ಅಂಬಾಸಿಡರ್, ಹೆರಾಲ್ಡ್‌ಗಳು ಇನ್ನೊಂದು ಕಡೆ. ನನಗೆ ಕೇಳಿದರೆ ಅಸಲಿ ಕಸುಬು ಇದ್ದದ್ದು ಈ ಎರಡನೇ ಗುಂಪಿನಲ್ಲಿ. ದುಡ್ಡು ಕೊಟ್ಟು ವೇಗ ಕೊಳ್ಳುವುದು ಬೇರೆ, ನಲವತ್ತು ಕುದುರೆ ಶಕ್ತಿಯ ಎಂಜಿನ್ನಿನಿಂದ ವೇಗ ಹಿಂಡುವುದು ಬೇರೆ.

ಇನ್ನು ಬೆಂಗಳೂರಿನ ಕಡೆಗೆ ಬರೋಣ. ಇಲ್ಲಿ ಕಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲೇ ಸರ್ ಎಂ. ವಿಶ್ವೇಶ್ವರಯ್ಯ ಪಟ್ಟು ಹಿಡಿದಿದ್ದರು. 1935ರಲ್ಲಿ ಅಮೆರಿಕ, ಯುರೋಪು ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಹಾಕಿದರು. ಜೊತೆಗಿದ್ದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರ ಸಹಕರಿಸಲಿಲ್ಲ. ವಾಲ್‌ಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಮಾಡಿದರು, ಕಾರಿನ ಕಾರ್ಖಾನೆಯನ್ನು 1944ರಲ್ಲಿ ಬೊಂಬಾಯಿಯಲ್ಲಿ ಮಾಡಿದರು. ವಿಮಾನ ಮಾಡುವ ಊರಿಗೆ ಕಾರು ಮಾಡುವ ಯೋಗ ಬರಲು ಮತ್ತೆ ಮೂವತ್ತು ವರ್ಷ ಹಿಡಿಯಿತು.

ಅದು ಬಂದದ್ದೂ ತಮಾಷೆಯಾಗಿ. 1970ರ ದಶಕದ ನಡುವೆ ಬೆಂಗಳೂರಿನ ಸನ್‌ರೈಸ್ ಆಟೋ ಇಂಡಸ್ಟ್ರೀಸ್, ಅಂದರೆ ಮುಂದೆ ಸಿಪಾನಿ ಅಂತ ಹೆಸರಾದ ಕಂಪನಿ, ಬಾದಲ್ ಅಂತ ಒಂದು ಗಾಡಿ ಬಿಟ್ಟಿತು. ಮೂರು ಚಕ್ರ, ಫೈಬರ್ ಬಾಡಿ, ಹಿಂದೆ 198 ಸಿಸಿಯ ಟೂ ಸ್ಟ್ರೋಕ್ ಎಂಜಿನ್ನು. ಕಾರೋ ಆಟೋನೋ ಅನ್ನುವ ಅನುಮಾನ ನೋಡಿದವರಿಗೆ ಕೊನೆಗೂ ಹೋಗಲಿಲ್ಲ. ಆಮೇಲೆ ನಾಲ್ಕನೇ ಚಕ್ರವನ್ನೂ ಹಾಕಿದರು. ಕೊನೆಗೆ 1982ರಲ್ಲಿ ಅವರು ತಂದದ್ದೇ ಡಾಲ್ಫಿನ್. ಇಂಗ್ಲೆಂಡಿನ ಟ್ಯಾಮ್‌ವರ್ತ್ ಎಂಬ ಊರಿನ ರಿಲಯಂಟ್ ಕಂಪನಿ 1975ರಿಂದ ತಯಾರಿಸುತ್ತಿದ್ದ ಕಿಟನ್ ಎಂಬ ಕಾರಿನ ಇಲ್ಲಿಯ ಅವತಾರ ಅದು. ಈ ರಿಲಯಂಟ್‌ಗೂ ನಮ್ಮ ಅಂಬಾನಿಗಳಿಗೂ ಸಂಬಂಧವಿಲ್ಲ, ಮತ್ತೆ ಗೊಂದಲ ಬೇಡ.

ಆದರೆ ರಿಲಯಂಟ್‌ಗೂ ಬೇಬಿ ಆಸ್ಟಿನ್‌ಗೂ ಸಂಬಂಧವಿದೆ. 1938ರಿಂದ ರಿಲಯಂಟ್ ತನ್ನ ಮೂರು ಚಕ್ರದ ಗಾಡಿಗಳಿಗೆ ಹಾಕುತ್ತಿದ್ದುದು ಆಸ್ಟಿನ್ ಸೆವೆನ್ ಎಂಜಿನ್ನನ್ನೇ. ಆಸ್ಟಿನ್ ಅದನ್ನು ನಿಲ್ಲಿಸಿದಾಗ ರಿಲಯಂಟ್ ತಾನೇ ಅದೇ ಮಾದರಿಯದನ್ನು ಮಾಡಿಕೊಂಡಿತು. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಮೂರು ಚಕ್ರದ ಗಾಡಿ ಸುಮಾರು 400 ಕೆ.ಜಿ. ಒಳಗಿದ್ದರೆ ತೆರಿಗೆ ಕಡಿಮೆ ಇತ್ತು, ಬೈಕ್ ಲೈಸೆನ್ಸಿನಲ್ಲೇ ಓಡಿಸಬಹುದಿತ್ತು. ತೂಕ ಇಳಿಸಲು ಬಾಡಿಯನ್ನು ಫೈಬರಿನಲ್ಲಿ ಮಾಡಿದರು. 1962ರಲ್ಲಿ ಹಳೆಯ ಕಬ್ಬಿಣದ ಎಂಜಿನ್ ಬಿಟ್ಟು ಬ್ಲಾಕಿನಿಂದ ಹೆಡ್‌ವರೆಗೆ ಎಲ್ಲಾ ಅಲ್ಯೂಮಿನಿಯಂನ 600 ಸಿಸಿ ಎಂಜಿನ್ ತಂದರು. ಅದೇ ಬೆಳೆದು ಬೆಳೆದು 848 ಸಿಸಿ ಆಗಿ ಕಿಟನ್‌ಗೂ, ಡಾಲ್ಫಿನ್‌ಗೂ ಬಂತು. ತೆರಿಗೆ ಉಳಿಸಲು ಮಾಡಿದ ಹಗುರ ಎಂಜಿನ್ನು ಓಟಗಾರರ ಕಣ್ಣಿಗೆ ಬೀಳದೆ ಇರುತ್ತದೆಯೇ? ಇಂಗ್ಲೆಂಡಿನ 750 ಮೋಟಾರ್ ಕ್ಲಬ್ಬಿನ ಓಟದಲ್ಲಿ ಮುದಿಯಾದ ಆಸ್ಟಿನ್ ಎಂಜಿನ್ನಿನ ಜಾಗಕ್ಕೆ ಬಂದದ್ದು ಇದೇ ರಿಲಯಂಟ್ ಎಂಜಿನ್ನು.

ಡಾಲ್ಫಿನ್ ಮನೆಮಂದಿಯ ಕಾರಾಗಿ ಸೋತಿತು. ಎರಡೇ ಬಾಗಿಲು. ಹಿಂದೆ ಕೂರಬೇಕಾದರೆ ಮುಂದಿನವರು ಇಳಿದು ದಾರಿ ಬಿಡಬೇಕು, ಅಜ್ಜ ಅಜ್ಜಿ ಇರುವ ಮನೆಗೆ ಇದಾಗದ ಮಾತು. ಫೈಬರ್ ಬಾಡಿ ಅಂದರೆ ಪ್ಲಾಸ್ಟಿಕ್ ಕೊಡದ ಹಾಗೆ ಒಡೆಯುತ್ತದೆ ಅನ್ನುವ ಭಯ ಬೇರೆ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ನಾಲ್ಕು ಬಾಗಿಲಿನ, ಕಬ್ಬಿಣದ ಬಾಡಿಯ, ಸರ್ಕಾರವೇ ಹಿಂದೆ ನಿಂತ ಕಾರು. ಅಲ್ಲಿಗೆ ಡಾಲ್ಫಿನ್ ಕಥೆ ಮುಗಿಯಿತು ಅನ್ನಬಹುದಿತ್ತು.

ಮುಗಿಯಲಿಲ್ಲ. ರ‍್ಯಾಲಿಯವರು, ಶೋಲಾವರಂನವರು ಅದನ್ನು ಹಿಡಿದುಕೊಂಡರು. ತೂಕ ಐನೂರು ಕೆ.ಜಿ.ಗೆ ಸ್ವಲ್ಪ ಮೇಲೆ, ಅಂಬಾಸಿಡರ್‌ನ ಅರ್ಧದಷ್ಟು. ಶಕ್ತಿ ಅದೇ ನಲವತ್ತರ ಆಸುಪಾಸು. ಎಳೆಯುವುದು ಹಿಂದಿನ ಚಕ್ರ, ಅಂದರೆ ಮಣ್ಣಿನ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿಯ ಬಾಲ ಹೊರಳಿಸಿ ಮೂತಿ ತಿರುಗಿಸಬಹುದು. ಮುಂಚಕ್ರ ಎಳೆಯುವ ಮಾರುತಿಯಲ್ಲಿ ಈ ಆಟ ನಡೆಯುವುದಿಲ್ಲ. ಕಿಟನ್ ಸುಮಾರು 24 ಅಡಿ ಅಗಲದಲ್ಲಿ ಪೂರ್ತಿ ತಿರುಗುತ್ತಿತ್ತು. ತಾಳುಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟ ಹತ್ತುವಾಗ ಬಸ್ಸುಗಳು ಹಿಂದೆ ಮುಂದೆ ಮಾಡಿಕೊಂಡು ತಿರುಗಿಸುವುದನ್ನು ನೋಡಿದವರಿಗೆ ಆ ಅಳತೆಯ ಬೆಲೆ ಗೊತ್ತು.

ಕಟ್ಟುವ ಕೆಲಸ ನಡೆದದ್ದು ಹೀಗೆ. ಮೊದಲು ಹಿಂದಿನ ಸೀಟು, ಬಂಪರ್, ಮ್ಯಾಟು, ಒಳಗಿನ ಅಲಂಕಾರ ಎಲ್ಲ ಹೊರಗೆ. ಉರುಳಿದರೆ ತಲೆ ಉಳಿಯಲೆಂದು ಒಳಗೆ ಪೈಪಿನ ಪಂಜರ. ಇದು ಫೈಬರ್ ಕಾರಿಗೆ ತೀರಾ ಮುಖ್ಯ, ಯಾಕೆಂದರೆ ಬಾಡಿಗೆ ಸ್ವಂತ ಬಲವಿಲ್ಲ, ಪಂಜರದ ಕಾಲು ನೇರ ಚಾಸಿಗೇ ಕೂರಬೇಕು. ಆಮೇಲೆ ಎಂಜಿನ್. ಹೆಡ್ಡನ್ನು ಮೆಷಿನ್ನಿಗೆ ಕೊಟ್ಟು ಕೂದಲೆಳೆಯಷ್ಟು ತೆಗೆಸಿದರೆ ಕಂಪ್ರೆಷನ್ ಏರುತ್ತದೆ. ಗಾಳಿ ಹೋಗುವ ದಾರಿಯನ್ನು ಕೈಯಲ್ಲೇ ಉಜ್ಜಿ ನುಣುಪು ಮಾಡಬೇಕು. ಅಪಾಯ ಅಲ್ಯೂಮಿನಿಯಂನಲ್ಲಿದೆ. ಸಿಲಿಂಡರ್ ಲೈನರ್‌ಗಳು ನೀರಿನಲ್ಲೇ ನಿಂತಿರುವ ಎಂಜಿನ್ ಇದು. ಒಮ್ಮೆ ಕಾದು ನೀರು ಕುದಿಯಿತೋ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಅವತ್ತಿನ ಓಟ ಮುಗಿಯಿತು. ಕಬ್ಬಿಣದ ಎಂಜಿನ್ನಿಗೆ ಒಗ್ಗಿದ್ದ ಕೈಗಳು ಬೋಲ್ಟು ಎಷ್ಟು ಬಿಗಿಯಬೇಕು ಅನ್ನುವುದನ್ನೇ ಹೊಸದಾಗಿ ಕಲಿಯಬೇಕಾಯಿತು.

ದಶಕದ ಕೊನೆಗೆ ಆಟ ಬದಲಾಯಿತು. ಡಾಲ್ಫಿನ್ ಹೋಗಿ ಅದೇ ಕಂಪನಿಯ ಮೊಂಟಾನಾ ಬಂದಿತ್ತು. ರಸ್ತೆಯ ಆ ತುದಿಯ ಕೊಯಮತ್ತೂರಿನಲ್ಲಿ ಎಸ್. ಕರಿವರ್ಧನ್ ಮಾರುತಿ ಎಂಜಿನ್ ಇಟ್ಟು ಒಂಟಿ ಸೀಟಿನ ಓಟದ ಕಾರನ್ನೇ ಮಾಡಿ, ಫಾರ್ಮುಲಾ ಮಾರುತಿಗೆ ಜೀವ ಕೊಟ್ಟರು. ಮನೆಯ ಕಾರನ್ನು ಬಿಚ್ಚಿ ಕಟ್ಟುವ ಬದಲು ಓಟಕ್ಕೆಂದೇ ಕಟ್ಟಿದ ಕಾರು ಕೈಗೆಟುಕಿತು. 1990ರಲ್ಲಿ ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೆಯಲ್ಲಿ ಹೊಸ ಟ್ರ್ಯಾಕ್ ಆಯಿತು, ಶೋಲಾವರಂ ಖಾಲಿಯಾಯಿತು. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 2005ರಲ್ಲಿ, ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಅದೇ ಕೊಯಮತ್ತೂರಿನವರು, ಫಾರ್ಮುಲಾ ಮಾರುತಿಯಲ್ಲಿ ಪಳಗಿದವರು.

ಇಷ್ಟೆಲ್ಲದರಲ್ಲಿ ಓಡಿಸಿದವರ ಹೆಸರು ಸಿಗುತ್ತದೆ, ಕಟ್ಟಿದವರದ್ದು ಸಿಗುವುದಿಲ್ಲ. ಪತ್ರಿಕೋದ್ಯಮ ಓದಿದವರಾಗಿ ಇದು ನಮ್ಮ ವೃತ್ತಿಯದೇ ಲೋಪ ಅಂತ ನನಗನ್ನಿಸುತ್ತದೆ. ಓಟದ ಸುದ್ದಿ ಬರೆಯುವಾಗ ಕಪ್ ಹಿಡಿದವನ ಫೋಟೋ ಸಾಕಾಗುತ್ತದೆ, ಹಿಂದಿನ ರಾತ್ರಿ ಹೆಡ್ ಬಿಗಿದವನು ಕಾಲಂನಲ್ಲಿ ಹಿಡಿಸುವುದಿಲ್ಲ. ಇನ್ನು ಕಾರುಗಳೇ ಸಾಕ್ಷಿ ಹೇಳಬೇಕು. ಅಲ್ಲೂ ಒಂದು ತೊಡಕಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಇರಬಾರದು. ಅರಮನೆಯ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ್ದ ಕಾರಿಗೆ ಇದು ಸರಿ. ಬಾಡಿ ಕೊಯ್ದು, ಎಂಜಿನ್ ಮಾರ್ಪಡಿಸಿ ಶೋಲಾವರಂನಲ್ಲಿ ಓಡಿದ ಹೆರಾಲ್ಡ್‌ಗೆ ಆ ಕೊಯ್ದದ್ದೇ ಚರಿತ್ರೆ. ಆ ಚರಿತ್ರೆಯೇ ಅದನ್ನು ಪಟ್ಟಿಯಿಂದ ಹೊರಗಿಡುವ ಸಂಭವವಿದೆ.

ಡಾಲ್ಫಿನ್‌ಗೆ 50 ತುಂಬುವುದು 2032ಕ್ಕೆ. ಫೈಬರಿಗೆ ತುಕ್ಕು ಹಿಡಿಯುವುದಿಲ್ಲ, ಗುಜರಿಯವರಿಗೆ ಅದು ತೂಕಕ್ಕೂ ಬೇಡ. ಎಂಜಿನ್ನಿನ ಅಲ್ಯೂಮಿನಿಯಂ ಮಾತ್ರ ಅವರಿಗೆ ಬೇಕು. ಹಾಗಾಗಿ ಬಾಡಿ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ ಆಗುವುದೇ ಹೆಚ್ಚು. ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ಯಾರದಾದರೂ ಹಿತ್ತಲಲ್ಲಿ, ಹಳೇ ಗ್ಯಾರೇಜಿನ ಮೂಲೆಯಲ್ಲಿ ಇಂಥ ಎರಡು ಬಾಗಿಲಿನ ಪುಟ್ಟ ಕಾರೋ, ಮೂತಿ ಮುಂದಕ್ಕೆ ಮಗುಚುವ ಹೆರಾಲ್ಡೋ ಇದ್ದರೆ ತೂಕಕ್ಕೆ ಹಾಕುವ ಮೊದಲು ನಮಗೊಂದು ಮಾತು ತಿಳಿಸಿ. ಎಂಜಿನ್ ನಂಬರು, ಚಾಸಿ ನಂಬರು ಬರೆದಿಟ್ಟುಕೊಳ್ಳಿ. ಅದಕ್ಕಿಂತ ಮೊದಲು, ಅದರ ಕೆಲಸ ಮಾಡಿದ ಮೇಸ್ತ್ರಿ ಇನ್ನೂ ಇದ್ದಾರೆಯೇ, ಯಾವ ಊರಿನವರು ಅಂತ ವಿಚಾರಿಸಿ.