ಹೊಸ ವ್ಯವಸ್ಥೆಯಲ್ಲಿ ಹಳೆಯ ಆಟ ಏಕೆ ಕುಂಟುತ್ತದೆ?



ಕಂಪ್ಯೂಟರಿಗೆ ಹೊಸ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿದ ಮರುದಿನವೇ, ನಿನ್ನೆಯವರೆಗೆ ಸರಾಗವಾಗಿ ಸಾಗುತ್ತಿದ್ದ ಆಟ ತಡವರಿಸತೊಡಗುತ್ತದೆ. ಯಂತ್ರ ಅದೇ, ಆಟವೂ ಅದೇ. ಹೀಗಿರುವಾಗ ವೇಗ ಎಲ್ಲಿ ಹೋಯಿತು? 'ಯಂತ್ರ ಹಳತಾಯಿತು, ಹೊಸದು ಕೊಳ್ಳಿ' ಎನ್ನುವವರು ಕೂಡಲೇ ಸಿಗುತ್ತಾರೆ. ಮನೆಯವರ ಹಣ ಖರ್ಚು ಮಾಡಿಸುವ ಆ ಸಲಹೆಯನ್ನು ಒಪ್ಪುವ ಮುನ್ನ ಈ ತೊಂದರೆಯ ಇತಿಹಾಸವನ್ನು ಒಮ್ಮೆ ನೋಡೋಣ.

1981ರ ಆಗಸ್ಟ್‌ನಲ್ಲಿ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಮಾರುಕಟ್ಟೆಗೆ ಬಂತು. ಅದರ 8088 ಎಂಬ ಸಂಸ್ಕಾರಕವು ಒಟ್ಟು 1 ಮೆಗಾಬೈಟ್ ಸ್ಮೃತಿಯನ್ನಷ್ಟೇ ಗುರುತಿಸಬಲ್ಲದಾಗಿತ್ತು. ಅದರಲ್ಲಿ 640 ಕಿಲೋಬೈಟ್ ಕಾರ್ಯಕ್ರಮಗಳಿಗೆ; ಉಳಿದದ್ದು ಪರದೆ ಮೊದಲಾದ ಉಪಕರಣಗಳಿಗೆ ಮೀಸಲು. ಆ ಕಾಲದ ಡಾಸ್ ವ್ಯವಸ್ಥೆ ಬಹಳ ಸರಳ. ಆಟವೊಂದು ಆರಂಭವಾಯಿತೆಂದರೆ ಡಾಸ್ ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. ಆಟವು ಪರದೆಯ ಸ್ಮೃತಿಗೆ ನೇರವಾಗಿ ಬರೆಯುತ್ತಿತ್ತು. ನಡುವೆ ಯಾರೂ ಇಲ್ಲದ ಕಾರಣ ವೇಗ ದೊರೆಯುತ್ತಿತ್ತು.

ಈ ಸ್ವಾತಂತ್ರ್ಯಕ್ಕೂ ಬೆಲೆ ಇತ್ತು. ಪ್ರತಿಯೊಂದು ಆಟವೂ ಪ್ರತಿಯೊಂದು ಬಗೆಯ ಧ್ವನಿ ಕಾರ್ಡನ್ನು ತಾನೇ ಅರಿತಿರಬೇಕಿತ್ತು. 640 ಕಿಲೋಬೈಟ್‌ನಲ್ಲಿ ಜಾಗ ಸಾಲದೆ ಬಳಕೆದಾರರು ಯಂತ್ರದ ಆರಂಭದ ಕಡತಗಳನ್ನು ತಿದ್ದುತ್ತಿದ್ದರು. ಕೆಲವರು ಒಂದೊಂದು ಆಟಕ್ಕೆ ಒಂದೊಂದು ಫ್ಲಾಪಿಯನ್ನೇ ಸಿದ್ಧಪಡಿಸಿ ಇಟ್ಟುಕೊಂಡಿದ್ದರು.

ವಿಂಡೋಸ್ ಬಂದಾಗ ಚಿತ್ರ ಬದಲಾಯಿತು. ಹಲವು ಕಾರ್ಯಕ್ರಮಗಳು ಒಂದೇ ಪರದೆಯನ್ನು ಹಂಚಿಕೊಳ್ಳಬೇಕಾದರೆ ಯಾವುದೊಂದಕ್ಕೂ ಪರದೆಯ ಮೇಲೆ ಪೂರ್ಣ ಅಧಿಕಾರ ಕೊಡುವಂತಿಲ್ಲ. ಚಿತ್ರ ಬರೆಯಬೇಕಾದವರು ವಿಂಡೋಸನ್ನು ಕೇಳಬೇಕು. ವಿಂಡೋಸ್ ತನ್ನ ಕೆಳಗಿನ 'ಡ್ರೈವರ್' ಎಂಬ ತಂತ್ರಾಂಶಕ್ಕೆ ಹೇಳಬೇಕು. ಡ್ರೈವರ್ ಯಂತ್ರಕ್ಕೆ ಹೇಳಬೇಕು. ಪತ್ರ ಟೈಪು ಮಾಡಲು ಈ ವಿಳಂಬ ಅಡ್ಡಿಯಲ್ಲ. ಸೆಕೆಂಡಿಗೆ ಹಲವಾರು ಚಿತ್ರ ಬರೆಯಬೇಕಾದ ಆಟಕ್ಕೆ ಅದು ದೊಡ್ಡ ಹೊರೆ. 1993ರ ಡಿಸೆಂಬರ್‌ನಲ್ಲಿ ಹೊರಬಂದ ಹೆಸರಾಂತ 'ಡೂಮ್' ಆಟವು, ವಿಂಡೋಸ್ 3.1 ಆಗಲೇ ಬಳಕೆಯಲ್ಲಿದ್ದರೂ, ಡಾಸ್‌ಗಾಗಿಯೇ ಬರೆಯಲ್ಪಟ್ಟಿತ್ತು.

ಈ ಅಂತರವನ್ನು ತುಂಬಲು ಮೈಕ್ರೋಸಾಫ್ಟ್ 1994ರಲ್ಲಿ 'ವಿನ್‌ಜಿ' ಎಂಬ ಸಾಧನವನ್ನು ಕೊಟ್ಟಿತು. ಅದನ್ನು ನೆಚ್ಚಿಕೊಂಡು ಡಿಸ್ನಿ ಸಂಸ್ಥೆ ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿಗೆ 'ಲಯನ್ ಕಿಂಗ್' ಕಥೆಯ ಸಿ.ಡಿ.ಯನ್ನು ಮಾರಿತು. ಹಬ್ಬದ ದಿನ ಅಮೆರಿಕದ ಅನೇಕ ಮನೆಗಳಲ್ಲಿ ಮಕ್ಕಳು ಸಿ.ಡಿ. ಹಾಕಿದಾಗ ಅದು ನಡೆಯಲೇ ಇಲ್ಲ. ಆ ಯಂತ್ರಗಳ ಪರದೆಯ ಡ್ರೈವರ್‌ಗಳಿಗೂ ವಿನ್‌ಜಿಗೂ ಹೊಂದಾಣಿಕೆ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾಗುತ್ತದಲ್ಲವೇ? ಯಂತ್ರಕ್ಕೆ ಶಕ್ತಿಯಿದ್ದರೂ ನಡುವೆ ನಿಂತ ಡ್ರೈವರ್ ಅದನ್ನು ಆಟಕ್ಕೆ ತಲುಪಿಸಲಿಲ್ಲ.

1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾಯಿತು. ಆಟಗಳು ಓಡದಿದ್ದರೆ ಜನ ಡಾಸ್ ಬಿಟ್ಟು ಬರಲಾರರು ಎಂಬುದು ಮೈಕ್ರೋಸಾಫ್ಟ್‌ಗೆ ತಿಳಿದಿತ್ತು. ಅಲೆಕ್ಸ್ ಸೇಂಟ್ ಜಾನ್, ಕ್ರೇಗ್ ಐಸ್ಲರ್ ಮತ್ತು ಎರಿಕ್ ಎಂಗ್‌ಸ್ಟ್ರಾಮ್ ಸೇರಿ ರೂಪಿಸಿದ 'ಡೈರೆಕ್ಟ್‌ಎಕ್ಸ್' ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂತು. ಆಟಕ್ಕೆ ಯಂತ್ರದ ಸಮೀಪ ಹೋಗಲು ಇದು ನಿಯಮಬದ್ಧವಾದ ಕಿರುದಾರಿ. ಡೂಮ್ ಆಟವನ್ನು ವಿಂಡೋಸ್‌ಗೆ ತರುವ ಕೆಲಸವನ್ನೂ ಕಂಪನಿ ತಾನೇ ಕೈಗೊಂಡಿತು. ಅದರ ಮುಂದಾಳಾಗಿದ್ದ ಗೇಬ್ ನ್ಯೂವೆಲ್ 1996ರಲ್ಲಿ ವಾಲ್ವ್ ಎಂಬ ಆಟದ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು.

ಇನ್ನೊಂದು ಪ್ರಸಂಗ ಇನ್ನೂ ಸ್ವಾರಸ್ಯಕರ. 'ಸಿಮ್‌ಸಿಟಿ' ಆಟದಲ್ಲಿ ಒಂದು ದೋಷವಿತ್ತು: ತಾನು ಬಿಟ್ಟುಕೊಟ್ಟ ಸ್ಮೃತಿಯನ್ನೇ ಮರಳಿ ಓದುತ್ತಿತ್ತು. ಹಳೆಯ ವಿಂಡೋಸ್‌ನಲ್ಲಿ ಆ ಸ್ಮೃತಿ ಒಡನೆ ಬೇರೆಯವರ ಪಾಲಾಗುತ್ತಿರಲಿಲ್ಲವಾದ್ದರಿಂದ ತಪ್ಪು ಬಯಲಾಗಲಿಲ್ಲ. ವಿಂಡೋಸ್ 95ರಲ್ಲಿ ಆಟ ಕುಸಿಯಿತು. ಮೈಕ್ರೋಸಾಫ್ಟ್‌ನವರು, ಸಿಮ್‌ಸಿಟಿ ನಡೆಯುತ್ತಿದ್ದರೆ ಮಾತ್ರ ಸ್ಮೃತಿಯನ್ನು ಹಳೆಯ ರೀತಿಯಲ್ಲಿ ನಿರ್ವಹಿಸುವಂತೆ ತಮ್ಮ ವ್ಯವಸ್ಥೆಯನ್ನೇ ತಿದ್ದಿದರು. ಹೊಸ ವ್ಯವಸ್ಥೆ ದೋಷವನ್ನು ಹುಟ್ಟಿಸಿರಲಿಲ್ಲ; ಅಡಗಿದ್ದ ದೋಷವನ್ನು ಹೊರಗೆಡವಿತ್ತು ಎಂಬುದನ್ನು ಗಮನಿಸಿ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಮನೆಯ ಯಂತ್ರಗಳಿಂದ ಡಾಸ್‌ನ ತಳಹದಿ ಮರೆಯಾಯಿತು. ಹಳೆಯ ಆಟಗಳನ್ನು ಉಳಿಸಿಕೊಳ್ಳಲು ಉತ್ಸಾಹಿಗಳು 2002ರಲ್ಲಿ 'ಡಾಸ್‌ಬಾಕ್ಸ್' ಹೊರತಂದರು. 2007ರ ವಿಂಡೋಸ್ ವಿಸ್ಟಾ ಪರದೆಯ ಡ್ರೈವರ್‌ಗಳ ರಚನೆಯನ್ನೇ ಬದಲಿಸಿತು. ಹೊಸ ಡ್ರೈವರ್‌ಗಳು ಪಳಗುವವರೆಗೆ ಅನೇಕ ಆಟಗಳು ನಿಧಾನವಾದವು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂದಾಗ, ತನ್ನ ರೈಜನ್ ಸಂಸ್ಕಾರಕಗಳಲ್ಲಿ ಕೆಲವು ತಂತ್ರಾಂಶಗಳು ಶೇಕಡಾ 3ರಿಂದ 5ರಷ್ಟು, ಕೆಲವು ಆಟಗಳು ಶೇಕಡಾ 10ರಿಂದ 15ರಷ್ಟು ನಿಧಾನವಾಗಬಹುದೆಂದು ಎಎಂಡಿ ಸಂಸ್ಥೆಯೇ ಪ್ರಕಟಿಸಿತು. ಅದೇ ತಿಂಗಳಲ್ಲಿ ಪರಿಹಾರವೂ ಬಂತು. ಆ ಕೆಲವು ವಾರಗಳಲ್ಲಿ ಅವಸರಪಟ್ಟು ಹೊಸ ಸಂಸ್ಕಾರಕ ಕೊಂಡವರಿದ್ದರೆ, ಅವರ ಹಣ ವ್ಯರ್ಥವಾಯಿತೆಂದೇ ಅರ್ಥ.

ಈ ಇತಿಹಾಸ ನಿಮಗೊಂದು ಕ್ರಮವನ್ನು ಕಲಿಸುತ್ತದೆ. ಮೊದಲು ನಡುವಿನವರನ್ನು ಪರೀಕ್ಷಿಸಿ: ಪರದೆಯ ಕಾರ್ಡ್ ತಯಾರಿಸಿದ ಸಂಸ್ಥೆಯಿಂದ ಹೊಸ ವ್ಯವಸ್ಥೆಗೆ ಹೊಂದುವ ಡ್ರೈವರ್ ಹಾಕಿ. ಎರಡನೆಯದಾಗಿ, ಹಿನ್ನೆಲೆಯಲ್ಲಿ ಏನು ನಡೆಯುತ್ತಿದೆ ಎಂದು ನೋಡಿ. ಹೊಸ ವ್ಯವಸ್ಥೆ ಮೊದಲ ಒಂದೆರಡು ದಿನ ಕಡತಗಳ ಸೂಚಿ ಸಿದ್ಧಪಡಿಸುವುದು, ಪರಿಷ್ಕರಣೆಗಳನ್ನು ತರಿಸುವುದು ಮುಂತಾದ ಕೆಲಸದಲ್ಲಿ ತೊಡಗಿರುತ್ತದೆ. ಮೂರನೆಯದಾಗಿ, ವ್ಯವಸ್ಥೆಯು ಸೇರಿಸಿರುವ ರಕ್ಷಣಾ ಸೌಲಭ್ಯಗಳನ್ನು ಗಮನಿಸಿ. ವಿಂಡೋಸ್ 11ರ ಸ್ಮೃತಿ ರಕ್ಷಣೆ ಆಟದ ವೇಗವನ್ನು ತುಸು ತಗ್ಗಿಸಬಲ್ಲದು. ಅದನ್ನು ತೆಗೆದರೆ ಕಾವಲೂ ಹೋಗುತ್ತದೆ ಎಂಬುದು ನೆನಪಿರಲಿ. ಇವೆಲ್ಲವೂ ವಿಫಲವಾದರೆ, ವಿಂಡೋಸ್ 11ಕ್ಕೆ ಏರಿದವರು ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನ ವ್ಯವಸ್ಥೆಗೆ ಮರಳಬಹುದು.

ಮುಖ್ಯವಾಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಬದಲಾವಣೆಯ ನಂತರ ಆಟದ ವೇಗವನ್ನು ಬರೆದಿಟ್ಟುಕೊಳ್ಳಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ, ಆಟ ಸರಿಹೋದರೂ ಕಾರಣ ತಿಳಿಯುವುದಿಲ್ಲ. ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಪಾಲಿಸುವ ನಿಯಮವೂ ಇದೇ ಅಲ್ಲವೇ? ಇಷ್ಟು ಮಾಡಿದ ಮೇಲೆಯೂ ಯಂತ್ರ ಸೋತರೆ, ಆಗ ಹೊಸದರ ಮಾತನ್ನು ಮನೆಯಲ್ಲಿ ಧೈರ್ಯವಾಗಿ ಎತ್ತಬಹುದು. ಏಕೆಂದರೆ ಕೇಳಿದವರಿಗೆ ಕಾರಣ ಹೇಳಲು ನಿಮ್ಮ ಬಳಿ ಲೆಕ್ಕವಿರುತ್ತದೆ.