ಕಸ್ತೂರಬಾ ರಸ್ತೆಯ ಗೋಡೆಯಲ್ಲಿ ನಮಗೂ ಒಂದು ಮೊಳೆ

ಇದು ಸ್ವಲ್ಪ ಉದ್ದದ ಬರಹ. ಪುರುಸೊತ್ತಿದ್ದಾಗ ಓದಿ.

ಶಿರಂಗಾಲದ ನಮ್ಮ ಕಾಲೋನಿಗೆ ಬಂದವರಿಗೆ ಮೊದಲು ಕಾಣೋದು ಸಮುದಾಯ ಭವನದ ಗೋಡೆ ಮೇಲಿನ ಬಾಬಾಸಾಹೇಬರ ಚಿತ್ರ. ನೀಲಿ ಕೋಟು, ಕೈಯಲ್ಲಿ ಸಂವಿಧಾನ. ಅದನ್ನ ಬರೆದವನು ನಮ್ಮಣ್ಣ. ಸುಣ್ಣದ ಗೋಡೆಗೆ ಪೆನ್ಸಿಲಲ್ಲಿ ಚೌಕ ಹೊಡೆದು, ಕ್ಯಾಲೆಂಡರಿನ ಚಿತ್ರಕ್ಕೂ ಚೌಕ ಹೊಡೆದು, ಒಂದೊಂದೇ ಚೌಕ ತುಂಬಿದ್ದ. ಆಗ ನಾನು ಹೈಸ್ಕೂಲು, ಬಣ್ಣದ ಡಬ್ಬಿ ಹಿಡಿಯೋದು ನನ್ನ ಕೆಲಸ. ಪ್ರತಿ ವರ್ಷ ಏಪ್ರಿಲ್ 14ಕ್ಕೆ ಮುಂಚೆ ಅಣ್ಣ ಅದಕ್ಕೆ ಮತ್ತೆ ಬಣ್ಣ ಕೊಡ್ತಾನೆ. ದುಡ್ಡು ಕೇಳಿದವನಲ್ಲ.

ಈ ಸಲ ಜಯಂತಿ ಸಭೆಯಲ್ಲಿ ಹುಡುಗರು ಒಂದು ಮಾತೆತ್ತಿದರು. "ಚಿತ್ರ ಮಾಸಿದೆ, ಮೇಲೆ ಒಂದು ದೊಡ್ಡ ಫ್ಲೆಕ್ಸ್ ಹೊಡೆಸೋಣ." ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ. ಅಣ್ಣ ಮೂಲೆಯಲ್ಲಿ ಕೂತಿದ್ದ, ಒಂದು ಮಾತೂ ಆಡಲಿಲ್ಲ. ಕುಶಾಲನಗರದಿಂದ ಕೊಣನೂರಿನ ತನಕ ಅಂಗಡಿ ಬೋರ್ಡು ಬರೆದು ಮನೆ ನಡೆಸಿದವನು ಅವನು. ಫ್ಲೆಕ್ಸ್ ಬಂತು, ಕೆಲಸ ಹೋಯ್ತು. ಈಗ ಕಾಫಿ ತೋಟದ ಕೂಲಿಗೆ ಹೋಗ್ತಾನೆ. ಅವನ ಕೈಯಲ್ಲಿ ಉಳಿದಿರೋ ಒಂದೇ ಗೋಡೆ ಇದು.

ಆವತ್ತು ರಾತ್ರಿ ನನಗೆ ನೆನಪಾಗಿದ್ದು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿ. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತೀರಾ? ಹೇಳ್ತೀನಿ.

ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಸಮಾವೇಶಕ್ಕೆ ಅಂತ ಅಣ್ಣನೂ ನಾನೂ ಬೆಂಗಳೂರಿಗೆ ಹೋಗಿದ್ವಿ. ರಾತ್ರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಸ್ತೂರಬಾ ರಸ್ತೆಯಲ್ಲಿ ಕೆಂಪು ಮ್ಯೂಸಿಯಂ ಪಕ್ಕ ಆ ಕಟ್ಟಡ ಕಾಣಿಸ್ತು. "ಒಳಗೆ ಬಿಡ್ತಾರೇನ್ಲಾ?" ಅಂತ ಅಣ್ಣ ಕೇಳಿದ. ಬಿಎ ಓದಿ ಸರ್ಕಾರಿ ಕಚೇರಿಯಲ್ಲಿ ಫೈಲು ನೋಡೋ ನನಗೂ ಅದೇ ಅನುಮಾನ. ಟಿಕೆಟ್ ತಗೊಂಡು, ಚಪ್ಪಲಿ ಒರೆಸಿಕೊಂಡು ಹೋದ್ವಿ. ಯಾರೂ ತಡೆಯಲಿಲ್ಲ. ಆದರೂ ತಡೀತಾರೆ ಅನ್ನೋ ಭಯ ಎದೆಯೊಳಗೆ ಇತ್ತಲ್ಲ, ಅದನ್ನ ಇಟ್ಟವರು ಯಾರು?

ಅಣ್ಣ ಊಟಿ, ಕೊಡೈಕನಾಲಿನ ಜಲವರ್ಣ ಚಿತ್ರಗಳ ಮುಂದೆ ನಿಂತುಬಿಟ್ಟ. ಮಂಜು, ಬೆಟ್ಟ, ನೀರು. ಮೂಗು ತಾಗೋ ಹಾಗೆ ಬಗ್ಗಿ ನೋಡಿದ. "ಇದು ಒಂದೆರಡು ಕೂದಲಿನ ಬ್ರಷ್ಷಿನ ಕೆಲಸ ಕಣ್ಲಾ. ಎಷ್ಟು ದಿನ ಹಿಡಿದಿರಬೇಕು ಇವನಿಗೆ!" ಅಂದ. ಚಿತ್ರದ ಕೆಳಗೆ ಬರೆದಿದ್ದನ್ನ ನಾನು ಓದ್ತಿದ್ದೆ. ಅವನು ಚಿತ್ರವನ್ನೇ ಓದ್ತಿದ್ದ.

ಆಮೇಲೆ ನಾನು ವೆಂಕಟಪ್ಪನವರ ಬಗ್ಗೆ ಹುಡುಕಿ ಓದಿದೆ. ಕೆ. ವೆಂಕಟಪ್ಪ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಚಿತ್ರಗಾರರು ದಲಿತರಲ್ಲ, ಅದನ್ನ ಸ್ಪಷ್ಟ ಹೇಳಿಬಿಡ್ತೀನಿ. ಆದರೆ ಅರಮನೆಗೆ, ಗುಡಿಗೆ ತಲೆತಲಾಂತರದಿಂದ ಬಣ್ಣ ಹಚ್ಚಿದ ಕೈಕಸುಬಿನ ಜನ. ಗೋಡೆ ತುಂಬ ಅವರ ಕೈಕೆಲಸ, ಕೆಳಗೆ ಅವರ ಹೆಸರಿಲ್ಲ. ಮೈಸೂರು ಸಂಸ್ಥಾನದ ನೆರವಿನಿಂದ ವೆಂಕಟಪ್ಪ ಕಲ್ಕತ್ತಾಕ್ಕೆ ಹೋಗಿ ಅವನೀಂದ್ರನಾಥ ಠಾಕೂರರ ಹತ್ತಿರ ಕಲಿತರು. ಜೊತೆಗಿದ್ದವರು ನಂದಲಾಲ್ ಬೋಸ್, ಮುಂದೆ ನಮ್ಮ ಸಂವಿಧಾನದ ಮೂಲಪ್ರತಿಯ ಪುಟಗಳನ್ನ ಅಲಂಕರಿಸಿದ ಅದೇ ನಂದಲಾಲ್ ಬೋಸ್. ಮೈಸೂರಿಗೆ ವಾಪಸ್ ಬಂದ ವೆಂಕಟಪ್ಪ ಮದುವೆ ಆಗಲಿಲ್ಲ. ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು. ನಾಲ್ವಡಿಯವರ ಕಾಲದಲ್ಲಿ ಅರಮನೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಶಿಲ್ಪಗಳನ್ನ ಮಾಡಿದರು.

1940ರಲ್ಲಿ ನಾಲ್ವಡಿ ತೀರಿಕೊಂಡರು. ಆಮೇಲೆ ಕೆಲಸದ ವಿಚಾರದಲ್ಲಿ ವ್ಯಾಜ್ಯ ಎದ್ದಾಗ ವೆಂಕಟಪ್ಪ ಅರಮನೆಯ ವಿರುದ್ಧವೇ ಕೋರ್ಟಿಗೆ ಹೋದರು. ಇತಿಹಾಸಕಾರ್ತಿ ಜಾನಕಿ ನಾಯರ್ ಈ ಪ್ರಕರಣದ ಬಗ್ಗೆ ಬರೆದಿದ್ದಾರೆ. ಇದನ್ನ ತಿಳಿದಾಗ ನಾನು ಎದ್ದು ಕೂತೆ. ಅರಮನೆಯ ಅನ್ನ ಉಂಡ ಮನೆತನದ ಮನುಷ್ಯ ಅರಮನೆಯನ್ನೇ ಕಟಕಟೆಗೆ ಎಳೀತಾನೆ! ನಾನು ನಿಮ್ಮ ಕೂಲಿ ಅಲ್ಲ, ಕಲಾವಿದ, ನನ್ನ ಶ್ರಮಕ್ಕೂ ಹೆಸರಿಗೂ ಬೆಲೆ ಇದೆ ಅನ್ನೋದು ಆ ದಾವೆಯ ಒಳಗಿನ ಮಾತು ಅಂತ ನಾನು ಓದಿಕೊಂಡೆ. ಶಾಲಾ ಪುಸ್ತಕದ "ರಾಜಾಶ್ರಯದ ಕಲೆ" ಅನ್ನೋ ಪಾಠ ನಮಗೆ ಈ ಭಾಗ ಹೇಳಲೇ ಇಲ್ಲ.

ವೆಂಕಟಪ್ಪ ಕೊನೆಯುಸಿರೆಳೆದದ್ದು 1965ರಲ್ಲಿ. ಅವರ ಕೃತಿಗಳನ್ನ ಇಡೋದಕ್ಕೆ ಅಂತ ಸರ್ಕಾರ ಮ್ಯೂಸಿಯಂ ಪಕ್ಕ ಕಟ್ಟಿಸಿದ ಈ ಗ್ಯಾಲರಿ ಎಪ್ಪತ್ತರ ದಶಕದಲ್ಲಿ ಬಾಗಿಲು ತೆರೆಯಿತು. ಅದು ಯಾವ ದಶಕ ನೆನಪಿದೆಯಲ್ಲ? 1973ರಲ್ಲಿ ಬಿ. ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆ ಎದ್ದದ್ದು, ಅದರ ಬೆನ್ನಿಗೇ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದ್ದು. ಒಂದೇ ಕಾಲದಲ್ಲಿ ಹುಟ್ಟಿದ ಎರಡು ಜಾಗಗಳು, ಆದರೆ ಒಂದರ ಮನೆಗೆ ಇನ್ನೊಂದು ಹೋಗಿದ್ದು ಕಡಿಮೆ.

ಮೈಸೂರಿನ ಜಗನ್ಮೋಹನ ಅರಮನೆ ನಮಗೆಲ್ಲ ಗೊತ್ತು, ಶಾಲೆಯ ಟೂರಿನಲ್ಲಿ ರವಿವರ್ಮನ ಚಿತ್ರ ನೋಡಿ ಬಂದಿದ್ದೀವಿ. 1861ರ ಅರಮನೆ, 1915ರಿಂದ ಚಿತ್ರಶಾಲೆ. ಅದು ದೊರೆ ಕೂಡಿಸಿದ್ದು, ನಾವು ನೋಡಿ ಬರಬೇಕಾದ್ದು. ವೆಂಕಟಪ್ಪ ಗ್ಯಾಲರಿ ಹಾಗಲ್ಲ. ಅಲ್ಲಿ ವೆಂಕಟಪ್ಪನವರ ಕೃತಿಗಳಿವೆ, ಕೆ.ಕೆ. ಹೆಬ್ಬಾರರ ಕೃತಿಗಳಿವೆ. ಅದಕ್ಕಿಂತ ಮುಖ್ಯವಾಗಿ, ಕಡಿಮೆ ಬಾಡಿಗೆ ಕಟ್ಟಿ ಯಾವ ಕಲಾವಿದ ಬೇಕಾದರೂ ತನ್ನ ಚಿತ್ರ ನೇತುಹಾಕೋ ಗೋಡೆಗಳಿದ್ದವು. ದೊಡ್ಡವರ ಪರಿಚಯ ಇಲ್ಲದ, ಇಂಗ್ಲಿಷ್ ಬಾರದ, ಜಿಲ್ಲೆಗಳಿಂದ ಬಂದ ಹುಡುಗ ಹುಡುಗಿಯರು ಮೊದಲ ಪ್ರದರ್ಶನ ಮಾಡೋ ಜಾಗ ಅದು. ಖಾಸಗಿ ಗ್ಯಾಲರಿ ನಿನ್ನ ಚಿತ್ರ ಮಾರಾಟ ಆಗುತ್ತಾ ಅಂತ ಕೇಳುತ್ತೆ. ಸರ್ಕಾರಿ ಗೋಡೆ ಅದನ್ನ ಕೇಳೋ ಹಾಗಿಲ್ಲ.

ಅದಕ್ಕೇ 2015ರ ಒಪ್ಪಂದ ಅಷ್ಟು ಸಿಟ್ಟು ತರಿಸಿತು. ಪ್ರವಾಸಿ ತಾಣಗಳನ್ನ ದತ್ತು ಕೊಡೋ ಯೋಜನೆಯಲ್ಲಿ ಸರ್ಕಾರ ಈ ಗ್ಯಾಲರಿಯನ್ನ ತಸ್ವೀರ್ ಫೌಂಡೇಶನ್ ಅನ್ನೋ ಖಾಸಗಿ ಸಂಸ್ಥೆಗೆ ವಹಿಸಲು ಸಹಿ ಹಾಕಿತು. ಗೋಡೆ ಬಳಸೋ ಕಲಾವಿದರನ್ನೇ ಕೇಳಿರಲಿಲ್ಲ. ಅವರ ವಾದವನ್ನೂ ಹೇಳಬೇಕು: ಹಣ ತರ್ತೀವಿ, ಒಳ್ಳೆಯ ಮ್ಯೂಸಿಯಂ ಮಾಡ್ತೀವಿ ಅಂದಿದ್ದರು. ನಿರ್ವಹಣೆ ಸರಿ ಇಲ್ಲ ಅನ್ನೋ ದೂರು ಕಲಾವಿದರದ್ದೂ ಇತ್ತು. ಆದರೆ ದತ್ತು ಕೊಡೋದು ಯಾರನ್ನ? ತಂದೆ ತಾಯಿ ಇಲ್ಲದ ಮಗುವನ್ನ. ಸರ್ಕಾರ ಬದುಕಿದೆಯಲ್ಲ? ದಿನಾ ಫೈಲು ನೋಡೋ ಗುಮಾಸ್ತನಾಗಿ ಹೇಳ್ತೀನಿ, ರಿಪೇರಿಗೆ ದುಡ್ಡಿಲ್ಲ ಅನ್ನೋ ಟಿಪ್ಪಣಿ ವರ್ಷ ವರ್ಷ ಮೇಲೆ ಹೋಗುತ್ತೆ, ಕೊನೆಗೆ ಅದೇ ಟಿಪ್ಪಣಿ ಖಾಸಗಿಯವರಿಗೆ ಕೊಡೋದಕ್ಕೆ ಕಾರಣ ಆಗುತ್ತೆ.

ಕಲಾವಿದರು ವಿಎಜಿ ಫೋರಂ ಅಂತ ಒಗ್ಗೂಡಿದರು. 2016ರಲ್ಲಿ ಮಾನವ ಸರಪಳಿ ಮಾಡಿದರು, ಬೀದಿಯಲ್ಲೇ ಚಿತ್ರ ಬರೆದರು, ಹಾಡಿದರು. ಆ ಒಪ್ಪಂದ ಜಾರಿಗೆ ಬರಲಿಲ್ಲ. ಆ ಖಾಸಗಿ ಮ್ಯೂಸಿಯಂ ಅದೇ ಕಸ್ತೂರಬಾ ರಸ್ತೆಯಲ್ಲಿ ಬೇರೆ ಜಾಗದಲ್ಲಿ ಎದ್ದು 2023ರಲ್ಲಿ ತೆರೆಯಿತು. ತೆರೆಯಲಿ, ಯಾರ ತಕರಾರೂ ಇಲ್ಲ. ತಮ್ಮ ದುಡ್ಡಲ್ಲಿ ತಮ್ಮ ಜಾಗದಲ್ಲಿ ಕಟ್ಟೋದು ಬೇರೆ, ಜನರದ್ದನ್ನ ತಗೊಳ್ಳೋದು ಬೇರೆ.

ಆಗ ನಮ್ಮ ಸಂಘಟನೆಯ ಗೆಳೆಯರಿಗೆ ನಾನು ಇದನ್ನ ಹೇಳಿದೆ. ಒಬ್ಬರು ಅಂದರು, "ಅದು ಬೆಂಗಳೂರಿನವರ ಜಗಳ ಬಿಡ್ರೀ. ನಮಗೆ ಮನೆ ನಿವೇಶನ ಇಲ್ಲ, ಸ್ಮಶಾನ ಇಲ್ಲ." ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಸರ್ಕಾರಿ ಶಾಲೆ, ಸರ್ಕಾರಿ ಆಸ್ಪತ್ರೆ, ಸರ್ಕಾರಿ ನೌಕರಿ ಒಂದೊಂದೇ ಖಾಸಗಿ ಆದಾಗ ಮೊದಲು ಹೊರಗೆ ಬಿದ್ದವರು ನಾವು. ಗೋಡೆ ವಿಷಯದಲ್ಲೂ ಅಷ್ಟೇ.

ಹಾಗಂತ ಗ್ಯಾಲರಿಯವರಿಗೂ ಒಂದು ಪ್ರಶ್ನೆ ಇದೆ. ಆ ಗೋಡೆ ನಮ್ಮೆಲ್ಲರದು ಅಂತ ಘೋಷಣೆ ಕೂಗಿದವರು, ಕಾಲೋನಿಯ ಹುಡುಗರು ಯಾಕೆ ಬರಲಿಲ್ಲ ಅಂತ ಯೋಚಿಸಿದ್ದಾರಾ? ಚೌಡಾರ್ ಕೆರೆ ನಮಗೂ ತೆರೆದಿದೆ ಅಂತ ಮಹಾಡಿನ ಪುರಸಭೆ ಮೊದಲೇ ನಿರ್ಣಯ ಮಾಡಿತ್ತು. ಆದರೂ 1927ರಲ್ಲಿ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದು ಹೋಗಿ ನೀರು ಮುಟ್ಟಬೇಕಾಯ್ತು. ಕಾಗದದಲ್ಲಿ ತೆರೆದ ಬಾಗಿಲಿಗೂ ಕಾಲಿಟ್ಟು ತೆರೆದ ಬಾಗಿಲಿಗೂ ವ್ಯತ್ಯಾಸ ಇದೆ. ನಾಗಪುರದ ಸವಿ ಸಾವರ್ಕರ್ ಅಸ್ಪೃಶ್ಯತೆಯನ್ನೇ ಕ್ಯಾನ್ವಾಸಿಗೆ ತಂದ ಕಲಾವಿದ. ಅಂಥ ಹೆಸರು ನಮ್ಮ ಹುಡುಗರಿಗೆ ಗೊತ್ತಿಲ್ಲ. ನಮ್ಮಲ್ಲಿ ಹಾಡುಗಾರರು ಹುಟ್ಟಿದರು, ಕವಿಗಳು ಹುಟ್ಟಿದರು. ಬ್ರಷ್ ಹಿಡಿದವರನ್ನ ನಾವು ಬ್ಯಾನರ್ ಬರೆಯೋಕೆ ಮಾತ್ರ ಕರೆದೆವು. ಈ ತಪ್ಪು ನನ್ನದೂ ಹೌದು. ನಮ್ಮಣ್ಣನ ಕೈಯಲ್ಲಿ ಎಷ್ಟು ಬ್ಯಾನರ್ ಬರೆಸಿದ್ದೀನಿ, ಒಂದರ ಕೆಳಗೂ ಅವನ ಹೆಸರು ಹಾಕಿಸಲಿಲ್ಲ. ಅರಮನೆ ಚಿತ್ರಗಾರರಿಗೆ ಮಾಡಿದ್ದನ್ನೇ ನಾನೂ ಮಾಡಿದೆ.

ಮರುದಿನ ಮತ್ತೆ ಸಭೆ ಕರೆದೆ. ಹುಡುಗರಿಗೆ ಈ ಕತೆ ಪೂರ್ತಿ ಹೇಳಿದೆ. ಫ್ಲೆಕ್ಸಿನ ದುಡ್ಡಲ್ಲಿ ಬಣ್ಣ ತರೋದು ಅಂತ ತೀರ್ಮಾನ ಆಯ್ತು. ಆ ಮಾತು ಎತ್ತಿದ್ದ ಹುಡುಗನೇ ಬಣ್ಣ ಕಲಸೋಕೆ ಬಂದ. ಅಣ್ಣ ಮೂವರು ಮಕ್ಕಳಿಗೆ ಚೌಕ ಹೊಡೆಯೋದು ಹೇಳಿಕೊಟ್ಟ. ಬೈಗುಳ ಬೇಕಾದಷ್ಟು ಇತ್ತು, ಮಕ್ಕಳು ನಗ್ತಾ ಬೈಸಿಕೊಂಡರು. ಕೊನೆಗೆ ಕೆಳಗೆ ಬಲಮೂಲೆಯಲ್ಲಿ ಹೆಸರು ಬರಿ ಅಂದೆ. "ಬಾಬಾಸಾಹೇಬರ ಕಾಲ ಹತ್ತಿರ ನನ್ನ ಹೆಸರು ಯಾಕ್ಲಾ?" ಅಂತ ಹಿಂಜರಿದ. ಸುಮ್ಮನೆ ನಿಂತೆ. ಆಮೇಲೆ ಸಣ್ಣ ಬ್ರಷ್ ತಗೊಂಡು, ಅಂಗೈ ಅಗಲದ ಜಾಗದಲ್ಲಿ ಬರೆದ. ಕೈ ಸ್ವಲ್ಪ ನಡುಗ್ತಿತ್ತು.

ದಸರಾ ರಜೆಯಲ್ಲಿ ಆ ಮೂವರು ಮಕ್ಕಳನ್ನ ಬೆಂಗಳೂರಿಗೆ ಕರ್ಕೊಂಡು ಹೋಗಬೇಕು ಅಂತಿದ್ದೀನಿ. ಬಸ್ ಚಾರ್ಜು ನನ್ನದು. ನಿಮ್ಮ ಊರಲ್ಲೂ ಬೋರ್ಡು ಬರೆದು, ಫ್ಲೆಕ್ಸ್ ಬಂದಮೇಲೆ ಬ್ರಷ್ ಕೆಳಗಿಟ್ಟವರು ಇದ್ದೇ ಇರ್ತಾರೆ. ಅವರನ್ನ ಒಂದು ಸಲ ಅಲ್ಲಿಗೆ ಕರ್ಕೊಂಡು ಹೋಗಿ. ಅವರ ಚಿತ್ರ ಅಲ್ಲಿ ನೇತುಹಾಕೋಕೆ ಅರ್ಜಿ ಹಾಕೋಣ. ಅರ್ಜಿ ಬರೆಯೋದು ನನಗೆ ಬಿಡಿ, ಅದೇ ನನ್ನ ಕಸುಬು.

ಜೈ ಭೀಮ್.