ದರದ ಸುದ್ದಿಯೋ, ಮತ್ತೊಬ್ಬ ಖರೀದಿದಾರನೋ? ಇ-ಚೌಪಾಲ್ ಅಧ್ಯಯನದ ಮರುಪರಿಶೀಲನೆ

ಬಡ ದೇಶಗಳ ಹಳ್ಳಿಗಳಿಗೆ ಫೋನು, ಅಂತರ್ಜಾಲ ಬಂದ ಮೇಲೆ ಮಾರುಕಟ್ಟೆ ಮಾರುಕಟ್ಟೆಗಳ ನಡುವಿನ ದರದ ಅಂತರ ಕುಗ್ಗುತ್ತದೆ ಎಂಬುದನ್ನು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಉತ್ತರ ಕೇರಳದ ಬೂತಾಯಿ ಮೀನಿನ ವ್ಯಾಪಾರದ ಬಗ್ಗೆ ರಾಬರ್ಟ್ ಜೆನ್ಸನ್ (2007), ನೈಜರ್ ದೇಶದ ಧಾನ್ಯದ ಸಂತೆಗಳ ಬಗ್ಗೆ ಜೆನ್ನಿ ಏಕರ್ (2010) ಇದನ್ನು ತೋರಿಸಿದ್ದಾರೆ. ಆದರೆ ಅಂತರ ಕುಗ್ಗಿದ ಮಾತ್ರಕ್ಕೆ ಬೆಳೆದವರ ಕೈಗೆ ಹೆಚ್ಚು ಹಣ ಸೇರುತ್ತದೆಯೇ? ಏಕರ್ ಅವರೇ ಫಾಫ್‌ಶಾಂ ಜೊತೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೈಜರ್‌ನ ಅಲಸಂದೆ ಬೆಳೆಗಾರರ ಸರಾಸರಿ ದರ ಏರಿದ್ದು ಕಾಣಲಿಲ್ಲ.

ಅಂತರ್ಜಾಲ ರೈತರ ದರವನ್ನೇ ಏರಿಸಿತು ಎನ್ನಲು ಹೆಚ್ಚಾಗಿ ಉಲ್ಲೇಖವಾಗುವುದು ಅಪರಾಜಿತಾ ಗೋಯಲ್ ಅವರ 2010ರ ಅಧ್ಯಯನ. 2000ದ ಅಕ್ಟೋಬರ್‌ನಿಂದ ಐಟಿಸಿ ಕಂಪನಿ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಇ-ಚೌಪಾಲ್ ಎಂಬ ಅಂತರ್ಜಾಲ ಕೇಂದ್ರಗಳನ್ನು ತೆರೆಯಿತು. ಆ ಭಾಗದ ಮಂಡಿಗಳಲ್ಲಿ ಸೋಯಾ ದರ ಶೇ. 1ರಿಂದ 3ರಷ್ಟು ಏರಿತು. ಇದನ್ನು ಮಾಹಿತಿಯ ಗೆಲುವೆಂದು ಓದುವುದು ರೂಢಿಯಾಗಿದೆ. ನನ್ನ ತಕರಾರು ಅಂಕಿಗಳ ಮೇಲಲ್ಲ, ಈ ಓದಿನ ಮೇಲೆ. ಕೇಂದ್ರದ ಪರದೆಯಲ್ಲಿ ಮಂಡಿಯ ದರದ ಜೊತೆಗೆ ಐಟಿಸಿ ತಾನು ಕೊಡುವ ದರವೂ ಇರುತ್ತಿತ್ತು, ಆ ದರಕ್ಕೆ ಮಾಲು ಕೊಳ್ಳುವ ಗೋದಾಮೂ ಇತ್ತು. ರೈತರು ಮಂಡಿಯನ್ನೇ ಬಿಟ್ಟು ಹೋಗಬಹುದೆಂಬ ಅಳುಕು ವ್ಯಾಪಾರಿಗೆ ಹುಟ್ಟಿದ್ದು ಆಗಲೇ.

ಹೊಸ ಖರೀದಿದಾರನಿಲ್ಲದೆ ಸುದ್ದಿ ಮಾತ್ರ ಬಂದರೆ ಏನಾಗುತ್ತದೆ? ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ ಫಾಫ್‌ಶಾಂ ಮತ್ತು ಮಿಂಟನ್ (2012) ಇದನ್ನು ಪರೀಕ್ಷಿಸಿದರು. ದರ, ಹವಾಮಾನ, ಬೇಸಾಯದ ಸಲಹೆಗಳನ್ನು ಎಸ್ಸೆಮ್ಮೆಸ್ ಮೂಲಕ ಪಡೆದ ರೈತರಿಗೂ ಸರಾಸರಿಯಲ್ಲಿ ಹೆಚ್ಚಿನ ದರ ಸಿಗಲಿಲ್ಲ. ಬೆಳೆ ಬೇರೆಯಾದ್ದರಿಂದ ಹೀಗಾಯಿತು ಎನ್ನಲೂ ಬಾರದು. ಅಲ್ಲಿನ ಬೆಳೆಗಳಲ್ಲಿ ಸೋಯಾ ಕೂಡ ಇತ್ತು. ಕೇರಳದ ಉದಾಹರಣೆ ಇದಕ್ಕೆ ವಿರುದ್ಧವೆಂದು ತೋರಬಹುದು. ಅಲ್ಲಿ ಸುದ್ದಿಯೊಂದೇ ಸಾಕಾಯಿತಲ್ಲ? ಆದರೆ ಮೀನು ತುಂಬಿದ ದೋಣಿ ಕಡಲಲ್ಲೇ ಇದ್ದು ಯಾವ ದಡಕ್ಕೂ ತಿರುಗಬಲ್ಲದು, ದಡದಡದಲ್ಲೂ ಕೊಳ್ಳುವವರು ಮೊದಲೇ ನಿಂತಿದ್ದರು. ಚೀಲಗಳನ್ನು ಟ್ರ್ಯಾಕ್ಟರಿಗೆ ಹೇರಿ ಮಂಡಿಗೆ ಬಂದ ಸಣ್ಣ ರೈತರಿಗೆ ಆ ಸ್ವಾತಂತ್ರ್ಯವಿಲ್ಲ.

ಕರ್ನಾಟಕದ ಪುರಾವೆ ಇಲ್ಲಿ ನಿರ್ಣಾಯಕವಲ್ಲದಿದ್ದರೂ ಮಹತ್ವದ್ದು. 2014ರಿಂದ ರಾಜ್ಯದ ಎಪಿಎಂಸಿಗಳನ್ನು ಏಕೀಕೃತ ಆನ್‌ಲೈನ್ ವೇದಿಕೆಗೆ ಜೋಡಿಸಲಾಯಿತು. ಲೆವಿ ಮತ್ತು ಸಂಗಡಿಗರ 2020ರ ಅಧ್ಯಯನದ ಪ್ರಕಾರ ಭತ್ತದ ದರ ಶೇ. 5.1, ಶೇಂಗಾ 3.6, ಮೆಕ್ಕೆಜೋಳ 3.5ರಷ್ಟು ಏರಿತು, ಹತ್ತಿ, ಹೆಸರು, ತೊಗರಿಯಲ್ಲಿ ಗಣನೀಯ ಬದಲಾವಣೆ ಕಾಣಲಿಲ್ಲ. ವೇದಿಕೆ ಒಂದೇ, ಫಲ ಮಾತ್ರ ಬೇರೆ ಬೇರೆ. ದರ ತಿಳಿಯುವುದೊಂದೇ ಕಾರಣವಾಗಿದ್ದರೆ ಈ ವ್ಯತ್ಯಾಸವನ್ನು ವಿವರಿಸುವುದು ಕಷ್ಟ. ಹಾಗಾಗಿ, ಕನಿಷ್ಠ ಮಂಡಿಗೆ ಬರುವ ಬೆಳೆಗಳ ಮಟ್ಟಿಗೆ, ಅಂತರ್ಜಾಲದ ಲಾಭ ರೈತರಿಗೆ ದಕ್ಕುವುದು ಬಹುಶಃ ಅದು ಕೊಳ್ಳುವವರ ಪೈಪೋಟಿಯನ್ನು ಹೆಚ್ಚಿಸಿದಾಗ ಮಾತ್ರ ಎಂದು ನಾನು ವಾದಿಸುತ್ತೇನೆ. ಆದರೆ ಈ ವಾದಕ್ಕೂ ಮಿತಿಗಳಿವೆ. ತೊಗರಿ, ಹತ್ತಿಯ ದರಗಳ ಮೇಲೆ ಬೆಂಬಲ ಬೆಲೆಯ ಖರೀದಿಯೂ ಪ್ರಭಾವ ಬೀರಿರಬಹುದು. ಗೋಯಲ್ ಅವರದೂ ಮಂಡಿ ಮಟ್ಟದ ಅಂಕಿಅಂಶ. ಸುದ್ದಿಯ ಪಾಲೆಷ್ಟು, ಗೋದಾಮಿನ ಪಾಲೆಷ್ಟು ಎಂದು ಅದರಿಂದ ಪೂರ್ತಿಯಾಗಿ ಬಿಡಿಸಲಾಗದು.

ಇನ್ನೊಂದು ಪ್ರಶ್ನೆಯೂ ಉಳಿಯುತ್ತದೆ. ದಲ್ಲಾಳಿಯಿಂದ ಮುಂಗಡ ಪಡೆದ ರೈತರಿಗೆ ಎಷ್ಟೇ ಖರೀದಿದಾರರು ಪರದೆಯ ಮೇಲೆ ಕಂಡರೂ ಮಾಲನ್ನು ಬೇರೆಯವರಿಗೆ ಕೊಡುವುದು ಸುಲಭವಲ್ಲ. ಮಾರಾಟದ ದಾಖಲೆಯನ್ನೂ ಸಾಲದ ದಾಖಲೆಯನ್ನೂ ರೈತರ ಮಟ್ಟದಲ್ಲಿ ಜೋಡಿಸಿ ನೋಡಿದರೆ ಮಾತ್ರ ಆ ಕಟ್ಟಿನ ಬಿಗಿ ತಿಳಿದೀತು.